ಹೊರಗಿನಿಂದ ಹಾಕಿದ ಬೀಗ

ಸುಂದರೇಶ ಕಂಪನಿ ಕೆಲಸ ಬಿಟ್ಟು, ಮನೆಯಲ್ಲೇ ಕೂತು ಜನರ ಮನೆಗಳ ಪ್ಲಾನ್ ಬರೆದುಕೊಡಲು ಶುರುಮಾಡಿದ ದಿನದಿಂದ ಒಂಟಿಕೊಪ್ಪಲಿನ ಆ ಬೀದಿಯ ಪಾಲಿಗೆ ಅವನು ಕೆಲಸವಿಲ್ಲದ ಮನುಷ್ಯನಾಗಿಬಿಟ್ಟ. ಸಿಲಿಂಡರ್ ಇಳಿಸಿಕೊಳ್ಳುವುದು, ಪಾರ್ಸೆಲ್ ತೆಗೆದಿಡುವುದು, ಯಾರದೋ ಅತ್ತೆಯನ್ನು ಬಸ್ ಹತ್ತಿಸುವುದು ಎಲ್ಲಕ್ಕೂ ಅವನೇ. “ಹೇಗೂ ಮನೇಲೇ ಇರ್ತೀರಲ್ಲ” ಎಂದು ಬರುವವರಿಗೆ ಆಗುವುದಿಲ್ಲ ಎನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ.

ಕಡಕೊಳದಲ್ಲಿ ಸಣ್ಣ ಕಾರ್ಖಾನೆ ಇಟ್ಟಿದ್ದ ಲಿಯೋ ನಜರ್‌ಬಾದಿನಲ್ಲಿ ಮನೆ ಕಟ್ಟಿಸುವವನಿದ್ದ. ಪ್ಲಾನ್ ತೆಗೆದುಕೊಂಡು ಹೋಗಲು ಅವನು ಅಂದು ಸಂಜೆ ಬರಲಿದ್ದ. ಬೆಳಿಗ್ಗೆಯಾದರೂ ಅರ್ಧ ಮನೆಯೂ ಇನ್ನೂ ಕಾಗದಕ್ಕೆ ಇಳಿದಿರಲಿಲ್ಲ. ಬ್ಯಾಂಕಿನ ಕೆಲಸಕ್ಕೆ ಹೊರಟಿದ್ದ ಹೆಂಡತಿ ಚಂದ್ರಮತಿಯನ್ನು ಸುಂದರೇಶ ಬಾಗಿಲಲ್ಲಿ ತಡೆದು, ಹೊರಗಿನಿಂದ ಬೀಗ ಹಾಕಿಕೊಂಡು ಹೋಗೆಂದು ಬೇಡಿಕೊಂಡ.

“ಬಾಯಲ್ಲಿ ಆಗೋ ಕೆಲಸಕ್ಕೆ ಬೀಗ ಯಾಕ್ರೀ?” ಎಂದಳು ಅವಳು. ಆದರೂ ಹಾಕಿಕೊಂಡು ಹೋದಳು.

ಸುಂದರೇಶ ಫೋನ್ ಆರಿಸಿ ಕೂತ. ಬೆಲ್ ಸದ್ದಾಯಿತು, ಬಂದವರು ಬೀಗ ನೋಡಿ ಹೊರಟುಹೋದರು. ಮೇಷ್ಟ್ರು ರಜೆ ಹಾಕಿದ್ದಾರೆಂದು ಗೊತ್ತಾದ ಹುಡುಗನ ಹಾಗೆ ಅವನ ಮನಸ್ಸು ಕುಣಿಯಿತು. ಹಾಲ್ ಮುಗಿಯಿತು, ರೂಮುಗಳು ಮುಗಿದವು. ಅಡುಗೆಮನೆಗೆ ಕೈ ಹಾಕುವಷ್ಟರಲ್ಲಿ ಜಗಲಿಯ ಮೇಲೆ ಮಾತು ಕೇಳಿಸಿತು.

ಎದುರುಮನೆಯ ರಾಮಸ್ವಾಮಿಯವರು ಮತ್ತು ಪಕ್ಕದ ಮನೆಯ ಗ್ರೇಸಿಯಮ್ಮ ಬಂದಿದ್ದರು. ಗ್ರೇಸಿಯಮ್ಮನಿಗೆ ತಾರಸಿಗೆ ಮೆಟ್ಟಿಲು ಕಟ್ಟಿಸಬೇಕಿತ್ತು; ಸುಂದರೇಶನನ್ನು ಕೇಳೋಣವೆಂದು ಬಂದರೆ ಬಾಗಿಲಿಗೆ ಬೀಗ. ಜಗಲಿ ತಂಪಾಗಿತ್ತು, ಇಬ್ಬರೂ ಕೂತುಬಿಟ್ಟರು. ಅಂಚೆ ಇಲಾಖೆಯಿಂದ ನಿವೃತ್ತರಾದ ರಾಮಸ್ವಾಮಿಯವರು, ಮೆಟ್ಟಿಲೇನು ಮಹಾ ವಿದ್ಯೆಯೇ ಎಂದು ಸುಣ್ಣದ ಚೂರಿನಿಂದ ನೆಲದ ಮೇಲೆ ಗೀಚಿ ತೋರಿಸತೊಡಗಿದರು. ಬಚ್ಚಲ ಬಾಗಿಲ ಪಕ್ಕದಲ್ಲಿ ಶುರುಮಾಡಿ, ಬಾಗಿಲ ಮೇಲೇ ಹತ್ತಿಸಿಕೊಂಡು ಹೋದರೆ ಸಾಕಂತೆ.

ಸುಂದರೇಶ ಪೆನ್ಸಿಲ್ ಕಚ್ಚಿದ. ಕಿವಿಗೆ ಹತ್ತಿ ತುರುಕಿಕೊಂಡ. ಹತ್ತಿ ತೆಗೆದು ಇನ್ನೇನು ಹೇಳುತ್ತಾರೆಂದು ಕೇಳಿದ. ಗಾರೆಯವನನ್ನು ನಾಳೆಯೇ ಕರೆಸುತ್ತೇನೆಂದು ಗ್ರೇಸಿಯಮ್ಮ ಒಪ್ಪಿಕೊಂಡದ್ದು ಕಿವಿಗೆ ಬಿದ್ದಾಗ ಅವನಿಗೆ ತಡೆಯಲಾಗಲಿಲ್ಲ. ಎದ್ದು ಕಿಟಕಿ ತೆರೆದ.

“ಅಲ್ಲಿ ಬೇಡ ಕಣ್ರೀ ಗ್ರೇಸಿಯಮ್ಮ. ಆಮೇಲೆ ಬಚ್ಚಲಿಗೆ ಮಂಡಿಯೂರ್ಕೊಂಡು ಹೋಗ್ಬೇಕಾಗುತ್ತೆ.”

ಇಬ್ಬರೂ ಕಿಟಕಿ ನೋಡಿದರು, ಬೀಗ ನೋಡಿದರು, ಮತ್ತೆ ಕಿಟಕಿ ನೋಡಿದರು. ಬೀಗ ಹಾಕಿದ್ದು ಯಾರೆಂದು ರಾಮಸ್ವಾಮಿಯವರು ಮೆಲ್ಲಗೆ ಕೇಳಿದರು. ಚಂದ್ರಮತಿ ಎಂದ. ಯಾಕೆಂದು ಕೇಳಿದರು. ನಿಮ್ಮ ಕಾಟಕ್ಕೆ ಎಂದು ಹೇಗೆ ಹೇಳುವುದು?

“ಸುಮ್ನೆ” ಎಂದ ಸುಂದರೇಶ.

ಅಷ್ಟು ಸಾಕಾಯಿತು. ಬ್ಯಾಂಕಿನ ಚಂದ್ರಮತಿ ಗಂಡನನ್ನು ಕೂಡಿಹಾಕಿದ್ದಾಳೆಂದು ಅರ್ಧ ಗಂಟೆಯೊಳಗೆ ಬೀದಿಗೆಲ್ಲ ತಿಳಿಯಿತು. ಉಪ್ಪಿಟ್ಟಿನ ತಟ್ಟೆ ಕಿಟಕಿಯ ಸರಳುಗಳ ನಡುವೆ ತೂರದ್ದರಿಂದ, ಗ್ರೇಸಿಯಮ್ಮ ಚಪಾತಿ ಸುರುಳಿ ಸುತ್ತಿ ಒಳಗೆ ಕೊಟ್ಟರು. ರಾಮಸ್ವಾಮಿಯವರು ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಸಂಸಾರವೆಂದರೇನೆಂದು ಸರಳುಗಳ ಸಂದಿಯಿಂದ ಮಧ್ಯಾಹ್ನವಿಡೀ ಬೋಧಿಸಿದರು. ನಡುವೆ ಬ್ಯಾಂಕಿಗೂ ಫೋನ್ ಮಾಡಿ ಚಂದ್ರಮತಿಯ ಮ್ಯಾನೇಜರ್‌ಗೆ ವಿಷಯ ತಿಳಿಸಿದರು. ಅಡುಗೆಮನೆ ಇದ್ದಲ್ಲೇ ಇತ್ತು.

ಚಂದ್ರಮತಿ ಆಟೋ ಇಳಿದಾಗ ಮನೆಯ ಮುಂದೆ ಮದುವೆಮನೆಯಷ್ಟು ಜನ. ಅವರ ನಡುವೆ, ಪ್ಲಾನ್‌ಗೆಂದು ಬಂದ ಲಿಯೋ ತಬ್ಬಿಬ್ಬಾಗಿ ನಿಂತಿದ್ದ. ಅವಳು ಬೀಗ ತೆಗೆದು, ಅದನ್ನು ಹಾಕಿಸಿಕೊಂಡದ್ದು ತನ್ನ ಗಂಡನೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

“ಹೌದೇನಪ್ಪಾ ಸುಂದರೇಶ?” ಎಂದರು ರಾಮಸ್ವಾಮಿಯವರು.

ಹೌದೆಂದರೆ ಕಾರಣ ಹೇಳಬೇಕಿತ್ತು. ಗ್ರೇಸಿಯಮ್ಮನ ಚಪಾತಿ ಇನ್ನೂ ಅರ್ಧ ಅವನ ಕೈಯಲ್ಲೇ ಇತ್ತು. ಸುಂದರೇಶ ನೆಲ ನೋಡಿದ. ಪಾಪ, ಎಷ್ಟು ಹೆದರಿಸಿಟ್ಟಿದ್ದಾಳೆ ಎಂದು ಹಿಂದಿನಿಂದ ಯಾರೋ ನಿಟ್ಟುಸಿರುಬಿಟ್ಟರು. ಚಂದ್ರಮತಿಯ ಮುಖ ಕೆಂಪಾಯಿತು.

ಲಿಯೋ ಹತ್ತಿರ ಬಂದು ಸುಂದರೇಶನ ಭುಜ ಮುಟ್ಟಿದ. “ಪ್ಲಾನ್‌ಗೇನೂ ಅವಸರ ಇಲ್ಲ ಸಾರ್. ಇನ್ನೊಂದು ವಾರ ಬುಡಿ. ಮೊದ್ಲು ನಿಮ್ಮನೆ ಸರಿ ಮಾಡ್ಕೊಳ್ಳಿ.”

ಸುಂದರೇಶನಿಗೆ ಜೀವ ಬಂತು. ಒಂದು ವಾರ! ಅಡುಗೆಮನೆಯಷ್ಟೇ ಏಕೆ, ಮಾಳಿಗೆಯನ್ನೂ ಮುಗಿಸಬಹುದಿತ್ತು. ಅವನು ಲಿಯೋನ ಕೈಹಿಡಿದು ಕುಲುಕಿದ.

ಅಷ್ಟರಲ್ಲಿ ರಾಮಸ್ವಾಮಿಯವರು ಗಂಟಲು ಸರಿಮಾಡಿಕೊಂಡರು. ಇಂಥ ಸ್ಥಿತಿಯಲ್ಲಿ ಮನುಷ್ಯನನ್ನು ಒಂಟಿಯಾಗಿ ಬಿಡಬಾರದೆಂದು ಬೀದಿಯವರೆಲ್ಲ ಮಾತಾಡಿಕೊಂಡಿದ್ದರಂತೆ. ನಾಳೆಯಿಂದ ಬೆಳಿಗ್ಗೆ ರಾಮಸ್ವಾಮಿಯವರೇ ಬಂದು ಜೊತೆಗೆ ಕೂರುತ್ತಾರಂತೆ, ಮಧ್ಯಾಹ್ನ ಗ್ರೇಸಿಯಮ್ಮ, ಸಂಜೆ ಬಿಡುವಿದ್ದವರು. ಮತ್ತೆ ಬೀಗ ಬೀಳದಂತೆ ಒಂದು ಕೀ ಮಾತ್ರ ತಮ್ಮ ಹತ್ತಿರ ಇರಲಿ ಎಂದು ಕೈ ಚಾಚಿದರು.

ಸುಂದರೇಶ ಹೆಂಡತಿಯತ್ತ ನೋಡಿದ, ಬೇಡ ಬೇಡವೆಂದು ಕಣ್ಣಲ್ಲೇ ಗೋಗರೆದ. ಚಂದ್ರಮತಿ ಅವನನ್ನೇ ದಿಟ್ಟಿಸುತ್ತ ಗೊಂಚಲಿನಿಂದ ಕೀ ಬಿಡಿಸಿದಳು. ಅಂದು ಮೊದಲ ಸಲ ಅವಳ ಮುಖದಲ್ಲಿ ನಗು ಕಾಣಿಸಿತು.

“ತಗೊಳ್ಳಿ ರಾಮಸ್ವಾಮಿಯವರೇ. ಬೆಲ್ ಕೂಡ ಒತ್ತಬೇಡಿ, ಸೀದಾ ಒಳಗೇ ಬಂದ್ಬುಡಿ.”