ಅಜ್ಜಿಯನ್ನು ಎಲ್ಲಿಗೆ ಸೇರಿಸೋಣ

ಈಗಿನ ಡಾಕ್ಟರುಗಳ ಮೇಲೆ ನನಗಿರುವ ತಕರಾರು ಒಂದೇ. ಅವರು ನಮ್ಮನ್ನು ಕೇಳುತ್ತಾರೆ. ನಾನು ಚಿಕ್ಕವನಿದ್ದಾಗ ನಮ್ಮೂರು ಬಸರಾಳಿಗೆ ಬರುತ್ತಿದ್ದ ಡಾಕ್ಟರು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ನಾಲಿಗೆ ಚಾಚು ಅನ್ನೋರು, ಚಾಚುತ್ತಿದ್ದೆವು. ತಿರುಗಿ ಮಲಗು ಅನ್ನೋರು, ಸೂಜಿ ಚುಚ್ಚಿ ಬಂದ ದಾರಿ ಹಿಡಿಯೋರು. ವಾಸಿಯಾದರೆ ಅವರ ಕೈಗುಣ, ಆಗದಿದ್ದರೆ ನಮ್ಮ ಹಣೆಬರಹ. ಯಾರಿಗೂ ಜವಾಬ್ದಾರಿ ಅನ್ನೋದೇ ಇರಲಿಲ್ಲ, ಎಷ್ಟು ಹಾಯಾಗಿತ್ತು. ಮೊನ್ನೆ ಮಂಡ್ಯದ ಆಸ್ಪತ್ರೆಯೊಂದರಲ್ಲಿ ನಮ್ಮಜ್ಜಿಯ ಮುರಿದ ತೊಡೆಮೂಳೆಗೆ ರಾಡು ಹಾಕಿದ ಡಾಕ್ಟರು ನನಗಿಂತ ಚಿಕ್ಕವರು. ನನ್ನನ್ನು ಎದುರಿಗೆ ಕೂರಿಸಿಕೊಂಡು, "ಆಪರೇಷನ್ ಚೆನ್ನಾಗಾಗಿದೆ. ನೀವು ನೋಡಿದರೆ ಒಬ್ಬರೇ, ಕೆಲಸಕ್ಕೆ ಬೇರೆ ಹೋಗ್ತೀರಿ. ವ್ಯಾಯಾಮ ಮಾಡಿಸಿ ಮತ್ತೆ ನಡೆಸೋ ರೀಹ್ಯಾಬ್ ಸೆಂಟರಿಗೆ ಸೇರಿಸ್ತೀರೋ, ವಯಸ್ಸಾದವರನ್ನ ನೋಡಿಕೊಳ್ಳೋ ನರ್ಸಿಂಗ್ ಹೋಮಿಗೋ? ನೀವೇ ಯೋಚನೆ ಮಾಡಿ ಹೇಳಿ" ಅಂದರು. ಹೋಟೆಲಿನಲ್ಲಿ ಸೆಟ್ ದೋಸೆಯೋ ಮಸಾಲೆಯೋ ಅಂತ ಕೇಳಿದರೇ ಬೆವರುವ ಮನುಷ್ಯ ನಾನು.

ನಮ್ಮಜ್ಜಿ ಪುಟ್ಟಮ್ಮನಿಗೆ ತೊಂಬತ್ತರ ಹತ್ತಿರ. ಅಪ್ಪ ಅಮ್ಮ ಬೇಗ ಹೋದ್ದರಿಂದ ನನ್ನನ್ನು ಸಾಕಿದವಳು ಅವಳೇ. ನನಗೆ ಮದುವೆ ಆಗದೇ ಉಳಿದದ್ದಕ್ಕೂ ಅವಳೇ ಕಾರಣ ಅಂತ ನೆಂಟರ ಅಂಬೋಣ. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಹುಡುಗಿಯ ಕೈಯಲ್ಲಿ ಮುದ್ದೆ ಮಾಡಿಸಿ, ಗಂಟಿದೆಯೇ ಅಂತ ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಹಾಗಾಗಿ ನಾನು ಮಂಡ್ಯದ ವಿಮಾ ಕಚೇರಿಯಲ್ಲಿ ಗುಮಾಸ್ತನಾದ ಮೇಲೆ ಸಂಸಾರ ಅಂತ ಹೂಡಿದ್ದು ಅಜ್ಜಿಯ ಜೊತೆಗೇ. ಟೆರೇಸಿನ ಮೇಲೆ ಒಣಹಾಕಿದ್ದ ಸಂಡಿಗೆಗೆ ಕೋತಿ ಬಂತು ಅಂತ ಪೊರಕೆ ಹಿಡಿದು ಹೊರಟವಳು ಹೊಸಿಲಲ್ಲೇ ಎಡವಿ ಬಿದ್ದಳು. ಸ್ಟ್ರೆಚರಿನ ಮೇಲೆ ಮಲಗಿಸುವಾಗಲೂ ಅವಳ ಚಿಂತೆ ಕೋತಿಯದೇ. "ಅದುನ್ನ ಓಡುಸ್ದಾ ಇಲ್ವಾ, ಅದ್ನೇಳು ಮದ್ಲು" ಅಂತ ನರಳಿದಳು.

ಡಾಕ್ಟರು ಹೇಳಿದ್ದನ್ನು ಅವಳಿಗೆ ಹೇಳಿದ್ದೇ ನಾನು ಮಾಡಿದ ಮೊದಲ ತಪ್ಪು. ನಮ್ಮ ಕಡೆ ರೀಹ್ಯಾಬ್ ಅಂದರೆ ಕುಡಿತ ಬಿಡಿಸುವ ಜಾಗ. ಪಕ್ಕದ ಹಾಸಿಗೆಯ ಹೆಂಗಸು ತನ್ನ ಮೈದುನನನ್ನು ಅಲ್ಲಿಗೆ ಸೇರಿಸಿದ ಕಥೆಯನ್ನು ಆಗಲೇ ಸವಿಸ್ತಾರವಾಗಿ ಹೇಳಿಯಾಗಿತ್ತು. ಅಜ್ಜಿ ನನ್ನನ್ನು ದಿಟ್ಟಿಸಿ, "ಯಾಕ್ಲಾ, ನಾನೇನು ಕುಡ್ಕಿಯಾ? ನಿಮ್ಮ ತಾತನ್ನೇ ಅಲ್ಗೆ ಸೇರುಸ್ನಿಲ್ಲ ನಾನು" ಅಂದಳು. ಹೋಗಲಿ, ನರ್ಸಿಂಗ್ ಹೋಮ್ ಅಂದೆ. "ಅಲ್ಲಿ ಬಾಣಂತೀರ್ನ ಮನಗುಸ್ತಾರೆ. ಈ ವಯಸ್ನಲ್ಲಿ ನಂಗ್ಯಾವ ಎರಿಗೆ ಕಣ್ಲಾ?" ಅಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ನಗದೇ ಇದ್ದವರು ನಾವಿಬ್ಬರೇ. ಮಳವಳ್ಳಿಯಲ್ಲಿರುವ ಜಯತ್ತೆಗೆ, ಅಂದರೆ ಅಜ್ಜಿಯ ಮಗಳಿಗೆ, ಫೋನ್ ಮಾಡಿದೆ. "ನಮ್ಮನೆಗೇ ಕರ್ಕೊಂಡ್ ಬಂದ್ಬುಡ್ತಿದ್ದೆ ಕಣಪ್ಪ, ನನ್ನ ಮಂಡಿಯೇ ಬಗ್ಗಾಕಿಲ್ಲ. ನೀನು ಓದ್ದೋನು, ನೀನೇ ನೋಡು" ಅಂತ ಅತ್ತಳು. ನಾನು ಓದಿದ್ದು ಬಿ.ಕಾಂ. ಅದರಲ್ಲಿ ಅಜ್ಜಿಯ ಬಗ್ಗೆ ಯಾವ ಪಾಠವೂ ಇರಲಿಲ್ಲ.

ರಜೆ ಹಾಕಿ ಎರಡನ್ನೂ ನೋಡಿಕೊಂಡು ಬಂದೆ. ರೀಹ್ಯಾಬ್ ಸೆಂಟರ್ ಇದ್ದದ್ದು ಮದ್ದೂರು ದಾಟಿದ ಮೇಲೆ, ಹೆದ್ದಾರಿಯ ಪಕ್ಕದಲ್ಲಿ. ಕುಡುಕರು ಯಾರೂ ಇರಲಿಲ್ಲ. ಎರಡು ಉದ್ದನೆಯ ಕಂಬಿಗಳ ನಡುವೆ ಹಿರಿಯರೊಬ್ಬರು ನಿಂತಿದ್ದರು. ಲಕ್ವ ಹೊಡೆದಿತ್ತಂತೆ. ಒಂದು ಹೆಜ್ಜೆ ಮುಂದಿಟ್ಟು ಮಕ್ಕಳ ಹಾಗೆ ಅಳುತ್ತಿದ್ದರು. ವ್ಯಾಯಾಮ ಮಾಡಿಸುವ ಹುಡುಗಿ, "ಇನ್ನೊಂದ್ ಹೆಜ್ಜೆ ಯಜಮಾನ್ರೇ, ಇನ್ನೊಂದೇ" ಅನ್ನುತ್ತಿದ್ದಳು. ನೋಡಲಾರದೆ ಹೊರಗೆ ಬಂದು ಮಳವಳ್ಳಿಯ ಬಸ್ಸು ಹತ್ತಿದೆ. ಅತ್ತೆಯ ಮನೆಗೆ ಹತ್ತಿರದಲ್ಲೇ ಇದ್ದ ನರ್ಸಿಂಗ್ ಹೋಮಿನಲ್ಲಿ ಹೆರಿಗೆಗಿರಿಗೆ ಇರಲಿಲ್ಲ, ವಯಸ್ಸಾದವರು ಮಾತ್ರ. ತೊಳೆದ ನೆಲ, ಬಿಳೀ ಹಾಸಿಗೆ, ಸಣ್ಣ ದನಿಯಲ್ಲಿ ಭಕ್ತಿಗೀತೆ. ಮ್ಯಾನೇಜರು ಹೆಮ್ಮೆಯಿಂದ, "ನಮ್ಮಲ್ಲಿ ಇದುವರೆಗೂ ಒಬ್ಬರೂ ಬಿದ್ದಿಲ್ಲ ಸಾರ್" ಅಂದರು. ನನಗೆ ಬಹಳ ಸಮಾಧಾನವಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅರ್ಧ ದಾರಿಗೆ ಹೊಳೆಯಿತು. ಅಲ್ಲಿ ಯಾರೂ ಬಿದ್ದಿರಲಿಲ್ಲ, ಯಾಕೆಂದರೆ ಅಲ್ಲಿ ಯಾರೂ ಏಳುತ್ತಿರಲಿಲ್ಲ. ನಾನಿದ್ದಷ್ಟು ಹೊತ್ತೂ ಒಬ್ಬರೂ ಹಾಸಿಗೆಯಿಂದ ಕೆಳಗೆ ಕಾಲಿಟ್ಟದ್ದನ್ನು ನೋಡಲಿಲ್ಲ.

ಹಾಗಾಗಿ ರೀಹ್ಯಾಬ್ ಅಂತ ತೀರ್ಮಾನಿಸಿದೆ. ಬದುಕಿನಲ್ಲಿ ನಾನಾಗಿಯೇ ತೆಗೆದುಕೊಂಡ ಮೊದಲ ತೀರ್ಮಾನ. ಕಾಲಿಗೆ ಎಣ್ಣೆ ತಿಕ್ಕಿ ನಡೆಸುವ ಮಠ ಅಂತ ಅಜ್ಜಿಗೆ ಸುಳ್ಳು ಹೇಳಿ ಸೇರಿಸಿದೆ. ಮೊದಮೊದಲು ನಾನೇ ಗೆದ್ದೆ ಅನ್ನಿಸಿತು. ವಾಕರ್ ಹಿಡಿದು ಎದ್ದು ನಿಂತಳು. ಆ ಫೋಟೋ ಅತ್ತೆಗೆ ಕಳಿಸಿದೆ, ಕಚೇರಿಯಲ್ಲಿ ತೋರಿಸಿದೆ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ತೋರಿಸಿದೆ. ಆಮೇಲೆ ಒಂದು ದಿನ ಪಾದ ಊದಿತು. ಇನ್ನೊಂದು ದಿನ ಏದುಸಿರು ಬಂತು. ನಾನು ಹೋದ ಒಂದು ಸಂಜೆ ಅವಳು ಕಂಬಿಗಳ ಪಕ್ಕ ಗಾಲಿಕುರ್ಚಿಯಲ್ಲಿ ಕೂತು, ಏಳುವುದೇ ಇಲ್ಲ ಅಂತ ಹಟ ಹಿಡಿದಿದ್ದಳು. ನಾನು ಬೇಡಿಕೊಂಡೆ, ಗದರಿದೆ, ಮೈಸೂರು ಪಾಕಿನ ಆಸೆ ತೋರಿಸಿದೆ. ಅವಳು ನನ್ನ ಕೈ ಹಿಡಿದು, "ಸಾಕು ಕಣ್ಲಾ ಮಗ. ನೀನು ನಡಿ, ನಾನು ನೋಡ್ತೀನಿ" ಅಂದಳು. ವ್ಯಾಯಾಮದ ಹುಡುಗಿ ನನ್ನ ಮುಖ ನೋಡಿದಳು. ಬೇರೇನು ಮಾಡಬೇಕೋ ತೋಚದೆ ನಾನು ಎರಡೂ ಕೈಯಲ್ಲಿ ಕಂಬಿ ಹಿಡಿದು ಆ ತುದಿಯವರೆಗೂ ನಡೆದೆ, ತಿರುಗಿ ಬಂದೆ. ಅಜ್ಜಿ, ನಾನು ಮೊದಲ ಸಲ ನಡೆದದ್ದನ್ನು ನೋಡುವವಳ ಹಾಗೆ ನೋಡಿದಳು. "ಬೆನ್ನ ನೆಟ್ಟಗೆ ಮಡಿಕೊ" ಅಂದಳು.

ಮಾರನೇ ದಿನ ಅಲ್ಲಿನ ಡಾಕ್ಟರು ನನ್ನನ್ನು ಕರೆಸಿ, ಅಜ್ಜಿಯ ಹೃದಯ ಇನ್ನು ಈ ಶ್ರಮ ತಡೆಯುವುದಿಲ್ಲ, ಅವಳು ನಡೆಯುವುದು ಕಷ್ಟ ಅಂತ ಮೆತ್ತಗೆ ಹೇಳಿದರು. ಈ ಸಲ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳುವುದಕ್ಕೆ ಉಳಿದದ್ದು ಒಂದೇ ಜಾಗ, ಆ ನರ್ಸಿಂಗ್ ಹೋಮ್. ಅಂಬುಲೆನ್ಸಿನಲ್ಲಿ ಮಳವಳ್ಳಿಗೆ ಹೋಗುವಾಗ ಅಜ್ಜಿ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ, "ಯಾರದ್ಲಾ ಇದು, ನೀರೇ ಕಟ್ಟಿಲ್ಲ" ಅಂತ ಗೊಣಗಿದಳು. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳಲು ಒಂದು ಸುಳ್ಳು ಸಿದ್ಧ ಮಾಡಿಕೊಂಡಿದ್ದೆ. ಅದು ಹಾಗೇ ನನ್ನ ಹತ್ತಿರ ಉಳಿಯಿತು.

ಈಗ ಪ್ರತಿ ಭಾನುವಾರ ಮಳವಳ್ಳಿಗೆ ಹೋಗುತ್ತೇನೆ. ಜಯತ್ತೆಯೂ ಮಂಡಿ ಎಳೆದುಕೊಂಡು ಬರುತ್ತಾಳೆ. ಅಜ್ಜಿ ಕೆಲವು ಸಲ ನನ್ನನ್ನು ಅಪ್ಪನ ಹೆಸರಿನಿಂದ ಕರೆಯುತ್ತಾಳೆ, ನಾನು ಓ ಅನ್ನುತ್ತೇನೆ. ಹೋದ ಭಾನುವಾರ ಗಂಡಸರ ಕೋಣೆಯಲ್ಲಿದ್ದ ಒಬ್ಬರು ತೀರಿಕೊಂಡಿದ್ದರು. ಅಜ್ಜಿಗೆ ಅದು ಹೇಗೋ ಗೊತ್ತಾಗಿತ್ತು. ಅನ್ನ ತಿನ್ನಿಸಲು ಬಂದ ನರ್ಸಿನ ಸೆರಗು ಹಿಡಿದು, ನನ್ನ ಕಡೆ ಕೈತೋರಿಸಿ, "ಆ ಮಂಚ ಬ್ಯಾರೆ ಯಾರ್ಗೂ ಕೊಡ್ಬ್ಯಾಡ ಕಣಮ್ಮ. ಇವುನ್ಗೆ ಮಡಗಿರು. ಒಬ್ನೇ ಅವ್ನೆ, ಒತ್ತೊತ್ತಿಗೆ ಉಣ್ಣಾಕಿಲ್ಲ" ಅಂದಳು. ನರ್ಸು ನಕ್ಕು, "ಸಾರ್‌ಗಿನ್ನೂ ವಯಸ್ಸಾಗಿಲ್ಲ ಅಜ್ಜಿ" ಅಂದಳು. ನಾನೂ ನಗಬೇಕಿತ್ತು. ಅದರ ಬದಲು, ಆ ಮಂಚ ಕಿಟಕಿ ಪಕ್ಕದ್ದಾ ಅಂತ ಕೇಳಿಬಿಟ್ಟೆ.