ನಮ್ಮಣ್ಣನ ಎಡೆ ಪ್ರೇಕ್ಷಣೀಯ ಸ್ಥಳವಾದ ಬಗ್ಗೆ

ಸಂಜೆತಾರೆ ಪ್ರವಾಸ ಸಂಸ್ಥೆಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ದೊರೆಗಳ ಹಳೆಯ ರಾಜಧಾನಿ ಹ್ವೆ ನಗರದ ಕೋಟೆಯೊಳಗೆ, ಪೂರ್ವದ ಬಾಗಿಲಿನ ರಸ್ತೆಯಲ್ಲಿ, ಹುಟ್ಟಿದಂದಿನಿಂದ ಒಂದೇ ಮನೆಯಲ್ಲಿ ಬಾಳುತ್ತಿರುವ ವೊ ಥಿ ಹ್ವಾಯ್ ಎಂಬ ಮುದುಕಿ ತಲೆಬಾಗಿ ಮಾಡುವ ವಂದನೆಗಳು. ತಮ್ಮ ಬಸ್ಸುಗಳು ಸದಾ ತಂಪಾಗಿರಲಿ, ತಮ್ಮ ಡ್ರ್ಯಾಗನ್ ದೋಣಿಗಳ ಎಂಜಿನ್ ನಡುನೀರಿನಲ್ಲಿ ಕೆಮ್ಮದಿರಲಿ, ತಮ್ಮ ಹೊಟ್ಟೆ ತಣ್ಣಗಿರಲಿ. ನಮ್ಮ ಊರಿನವರು ಬೈಯುವ ಮೊದಲು ಕ್ಷೇಮ ವಿಚಾರಿಸುತ್ತಾರೆ ಎಂಬುದು ತಮಗೆ ಗೊತ್ತಿದ್ದದ್ದೇ. ತಾವೂ ಇಲ್ಲಿಯವರೇ ಅಲ್ಲವೆ?

ತಾವು ಈ ಬಾರಿ ಅಚ್ಚು ಹಾಕಿಸಿದ ಬಣ್ಣದ ಪತ್ರಿಕೆಯನ್ನು ಪಕ್ಕದ ಮನೆಯ ಮುಯ್ ನನ್ನ ಕೈಗಿತ್ತಳು. ಅರಮನೆ, ದೊರೆಗಳ ಗೋರಿಗಳು, ನದಿ ದಂಡೆಯ ಪಗೋಡ ಇವೆಲ್ಲದರ ಸಾಲಿನಲ್ಲಿ, ಕಟ್ಟಕಡೆಗೆ, ನಮ್ಮ ಮನೆ ಮುಂದಿನ ಫುಟ್‌ಪಾತಿನ ಚಿತ್ರವೂ ಇತ್ತು. 'ಬೀದಿಯಲ್ಲಿ ಬೆಂಕಿ, ಊರವರೊಂದಿಗೆ ಊಟ, ಅಪ್ಪಟ ಹ್ವೆ ಸಂಜೆ' ಎಂದು ಕೆಳಗೆ ಬರೆದಿತ್ತು. ಒಂದು ಕಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿರುವ ನನ್ನ ಮೇಜನ್ನು ದೊರೆಗಳ ಸಿಂಹಾಸನದ ಪಕ್ಕದಲ್ಲೇ ಕೂರಿಸಿದ ತಮ್ಮ ದೊಡ್ಡ ಮನಸ್ಸಿಗೆ ಏನು ಹೇಳಲಿ!

ಆದರೆ ಮಾನ್ಯರೇ, ಅದು ಊರವರ ಊಟವಲ್ಲ. ಕೆಲಸದ ಒತ್ತಡದಲ್ಲಿ ತಾವು ಮರೆತಿರಬಹುದಾದ್ದರಿಂದ ನೆನಪಿಸುವ ಸ್ವಾತಂತ್ರ್ಯ ವಹಿಸುತ್ತೇನೆ. ಐದನೆಯ ಚಾಂದ್ರಮಾಸದ ಇಪ್ಪತ್ತಮೂರನೆಯ ದಿನ, ನಮ್ಮ ಮುತ್ತಜ್ಜನ ಕಾಲದಲ್ಲಿ, ಈ ಕೋಟೆ ಪರದೇಶದ ಸೈನ್ಯದ ಕೈಗೆ ಬಿತ್ತು. ಓಡಿದವರು ಬಾಗಿಲುಗಳಲ್ಲಿ ತುಳಿತಕ್ಕೆ ಸಿಕ್ಕಿ ಸತ್ತರು, ಕಂದಕಕ್ಕೆ ಬಿದ್ದು ಸತ್ತರು. ಅವರಿಗಾಗಿ, ಅವರಂತೆ ನೆಲೆಯಿಲ್ಲದೆ ಅಲೆಯುವ ಎಲ್ಲರಿಗಾಗಿ, ಮನೆಮನೆಯ ಮುಂದೆ ಗಂಜಿ, ಅರಳು, ಗೆಣಸು, ಹುರಿದ ಉಪ್ಪಿನ ಎಡೆ ಇಡುತ್ತೇವೆ. ಮುಳುಗಿ ಸತ್ತವರು ಮೈ ಕಾಯಿಸಿಕೊಳ್ಳಲಿ ಎಂದು ನಡು ಬೇಸಿಗೆಯಲ್ಲೂ ಬೆಂಕಿ ಹಚ್ಚುತ್ತೇವೆ. ತಮ್ಮ ಮನೆಯ ಮುಂದೆಯೂ ಯಾರೋ ಹಚ್ಚಿರುತ್ತಾರೆ.

ನನ್ನ ಎಡೆಗೆ ಇನ್ನೊಬ್ಬ ಬರುತ್ತಾನೆ, ನಮ್ಮಣ್ಣ ಲೊಕ್. ನಾನು ಚಿಕ್ಕವಳಿದ್ದಾಗ, ಯುದ್ಧದ ಕಾಲದಲ್ಲಿ, ಹೊಸವರ್ಷದ ಹಬ್ಬದ ವಾರ, ನೀರು ತರುತ್ತೇನೆಂದು ಬಿಂದಿಗೆ ಹಿಡಿದು ಹೋದವನು ಮರಳಿ ಬರಲಿಲ್ಲ. ಹೆಣ ಸಿಗಲಿಲ್ಲ, ಸತ್ತ ದಿನವೂ ತಿಳಿಯದು, ಹಾಗಾಗಿ ಮನೆಯೊಳಗೆ ತಿಥಿಯೂ ಇಲ್ಲ. ಅಮ್ಮ ಅವನನ್ನು ಬೀದಿಯ ಎಡೆಗೆ ಸೇರಿಸಿದಳು. ಲೊಕ್ ಎಷ್ಟು ನಾಚಿಕೆಯವನೆಂದರೆ ಮನೆಗೆ ನೆಂಟರು ಬಂದರೆ ಹಿತ್ತಲಲ್ಲಿ ಅಡಗಿ ಕೂರುತ್ತಿದ್ದ, ಅವರು ಹೋಗುವ ತನಕ ಹಸಿದೇ ಇರುತ್ತಿದ್ದ. ಅದಕ್ಕೇ ಅಮ್ಮ ಪ್ರತಿ ವರ್ಷ ಊದುಬತ್ತಿ ಹಚ್ಚಿ, ಬೀದಿಯ ಆ ತುದಿ ಈ ತುದಿ ನೋಡಿ, ಮೆತ್ತಗೆ ಕರೆಯುತ್ತಿದ್ದಳು: "ಲೊಕ್, ಯಾರೂ ಇಲ್ಲ ಕಣಪ್ಪಾ. ಬಾ, ಉಣ್ಣು." ಅವಳು ಹೋದ ಮೇಲೆ ಆ ಮಾತು ನನ್ನ ಪಾಲಿಗೆ ಬಂದಿದೆ.

ಈ ವರ್ಷ ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಬಸ್ಸು ಬಾಯಿ ತೆರೆಯಿತು. ಹಳದಿ ಛತ್ರಿ ಎತ್ತಿ ಹಿಡಿದ ಮಾರ್ಗದರ್ಶಿಯ ಹಿಂದೆ ಇಳಿದ ಅತಿಥಿಗಳು ಪ್ಲಾಸ್ಟಿಕ್ ಸ್ಟೂಲುಗಳನ್ನು ಎಳೆದುಕೊಂಡು, ಊದುಬತ್ತಿ ಅರ್ಧ ಉರಿಯುವ ಮೊದಲೇ ಗಂಜಿಗೆ ಕೈಹಾಕಿದರು. ಒಬ್ಬ ಮಹನೀಯರು ಸತ್ತವರ ಬೆಂಕಿಯಲ್ಲಿ ಗೆಣಸು ಸುಟ್ಟುಕೊಂಡರು. ಇನ್ನೊಬ್ಬರು, ಲೊಕ್ ಅಳತೆಗೆಂದೇ ನಾನು ಆರಿಸಿ ತಂದಿದ್ದ, ಅವನಿಗೆ ಮುಟ್ಟಲೆಂದು ಸುಡಬೇಕಾಗಿದ್ದ ಕಾಗದದ ಅಂಗಿಯನ್ನು ನೆನಪಿನ ಕಾಣಿಕೆ ಎಂದು ಮಡಚಿ ಚೀಲಕ್ಕೆ ಹಾಕಿದರು. ಉಂಡೂ ಹೋದರು, ಕೊಂಡೂ ಹೋದರು. ಮುಯ್ ನನ್ನ ಭುಜ ಹಿಡಿದು, "ಹೋಗ್ಲಿ ಬಿಡೇ ಹ್ವಾಯ್, ಬಾಚ್ಕೊಂಡು ತಿನ್ನೋದು ನೋಡಿದ್ರೆ ಇವ್ರೂ ಹಸಿದ ಪ್ರೇತಗಳೇ ಇರ್ಬೇಕು," ಎಂದಳು. ನನಗೆ ನಗು ಬರಲಿಲ್ಲ. ನೆಟ್ಟಗೆ ಛತ್ರಿ ಹಿಡಿದವಳ ಬಳಿಗೆ ಹೋದೆ.

ಮಾರ್ಗದರ್ಶಿಯ ಹೆಸರು ಥಾವೊ, ನಮ್ಮ ಊರಿನ ಹೆಣ್ಣುಮಗಳೇ. "ನಿಂಗಾದ್ರೂ ಗೊತ್ತಿಲ್ವೇನೇ?" ಎಂದೆ. ಅವಳು ಛತ್ರಿ ತಗ್ಗಿಸಿ, "ಬೈಬೇಡಿ ಅಜ್ಜೀ. ನಮ್ಮಮ್ಮನೂ ಇವತ್ತು ಎಡೆ ಇಟ್ಟಿದ್ದಾಳೆ, ಗೊತ್ತಿಲ್ದೆ ಏನು? ಆಫೀಸ್ನೋರು ಕಾರ್ಯಕ್ರಮದಲ್ಲಿ ಹಾಕ್ಬಿಟ್ಟಿದ್ದಾರೆ. ನಾನು ಒಲ್ಲೆ ಅಂದ್ರೆ ನಾಳೆ ಈ ಛತ್ರಿ ಬೇರೆಯೋರ ಕೈಲಿರುತ್ತೆ," ಎಂದಳು. ತಮ್ಮ ಕಚೇರಿಗೆ ಫೋನ್ ಮಾಡಿದಾಗ ಅಲ್ಲಿನವರು ಅತ್ಯಂತ ವಿನಯದಿಂದ, "ಅಷ್ಟು ಖಾಸಗಿ ಅನ್ನೋದಾದ್ರೆ ಮನೆ ಒಳಗೇ ಇಟ್ಕೊಳ್ಳಿ ಅಜ್ಜಿ, ಫುಟ್‌ಪಾತ್ ಎಲ್ರದ್ದೂ," ಎಂದು ತಿಳಿಸಿದರು. ಅಲೆಯುವವರನ್ನು ಮನೆದೇವರು ಹೊಸ್ತಿಲು ದಾಟಲು ಬಿಡುವುದಿಲ್ಲ ಎಂಬುದು ಅವರಿಗೆ ತಿಳಿಯದು. ಅವರು ಯಾವ ಊರಿನವರೋ, ಕೇಳುವ ಮೊದಲೇ ಫೋನ್ ಇಟ್ಟರು.

ಆದ್ದರಿಂದ ಮಾನ್ಯರೇ, ಕೆಲವು ಸಣ್ಣ ಕೋರಿಕೆಗಳು. ಈ ಎಡೆಗೆ ಸತ್ತವರಿಗೆ ಮಾತ್ರ ಅರ್ಹತೆ ಇರುವುದರಿಂದ, ಮುಂದಿನ ಬಾರಿ ಬರುವ ಅತಿಥಿಗಳು ಆ ಅರ್ಹತೆಯನ್ನು ತಮ್ಮ ತಮ್ಮ ದೇಶದಲ್ಲೇ ಗಳಿಸಿಕೊಂಡು ಬರುವಂತೆ ತಾವು ನೋಡಿಕೊಳ್ಳಬೇಕು. ಅದು ಕಷ್ಟವಾದರೆ ನಮ್ಮಣ್ಣನಿಗೆ ಪರಕೀಯರ ಎದುರು ಸಂಕೋಚವಿಲ್ಲದೆ ಉಣ್ಣುವ ತರಬೇತಿ ಕೊಡಿಸಬೇಕು. ತಮ್ಮ ಸಿಬ್ಬಂದಿಗೆ ಆ ವಿದ್ಯೆ ಚೆನ್ನಾಗಿ ಬಂದಿದೆ. ಅದೂ ಆಗದಿದ್ದರೆ ಕೋಟೆ ಬಿದ್ದ ದಿನವನ್ನೇ ಪ್ರವಾಸಿಗರು ಬಾರದ ಮಳೆಗಾಲಕ್ಕೆ ಮುಂದೂಡಿಸಬೇಕು, ತಮ್ಮ ಪ್ರಭಾವ ದೊಡ್ಡದೆಂದು ಕೇಳಿದ್ದೇನೆ.

ದೊರೆಗಳ ಗೋರಿಗಳನ್ನು ಎಷ್ಟು ಬೇಕಾದರೂ ತೋರಿಸಿ, ನಾನು ಎದುರಾಡುವುದಿಲ್ಲ. ಬದುಕಿದ್ದಾಗಲೂ ಜನ ತಮ್ಮನ್ನೇ ನೋಡಬೇಕೆಂದು ಆಸೆಪಟ್ಟವರು ಅವರು. ನಮ್ಮಣ್ಣನಿಗೆ ಆ ಆಸೆ ಇರಲಿಲ್ಲ. ವರ್ಷಕ್ಕೊಂದು ಸಂಜೆ, ಯಾರೂ ನೋಡದೆ, ಒಂದು ಬಟ್ಟಲು ಗಂಜಿ ಕುಡಿದು ಹೋಗುವುದಷ್ಟೇ ಅವನಿಗೆ ಉಳಿದಿರುವುದು. ಅದನ್ನು ತಾವು ಕಿತ್ತುಕೊಂಡಿರಿ. ಸಿಟ್ಟು ಬಂದಿದೆ, ಸ್ವಾಮಿ, ಬಹಳ ಸಿಟ್ಟು ಬಂದಿದೆ.

ಬಟ್ಟಲು ತೊಳೆದು ಕಾದು ಕುಳಿತಿರುವ,
ತಮ್ಮ ವಿಶ್ವಾಸಿ,
ವೊ ಥಿ ಹ್ವಾಯ್

ಮರೆತ ಮಾತು: ತಿಂಗಳು ಮುಗಿಯುವ ತನಕ ಎಡೆಗೆ ಅವಕಾಶವಿರುವುದರಿಂದ ಮರುಸಂಜೆ ಮತ್ತೆ ಮೇಜು ಹಾಕಿದೆ. ತಮ್ಮ ಇನ್ನೊಂದು ಬಸ್ಸು ಬಂದೇ ಬಂತು. ಥಾವೊ ತಿರುವಿನಲ್ಲೇ ನಿಂತು, ನನ್ನ ಮನೆಗೆ ಬೆನ್ನು ಮಾಡಿ, ಛತ್ರಿ ಅಗಲಿಸಿ ಅಡ್ಡ ಹಿಡಿದು, ಅವರ ಭಾಷೆಯಲ್ಲೂ ನಮ್ಮ ಭಾಷೆಯಲ್ಲೂ ಗಟ್ಟಿಯಾಗಿ ಕೂಗಿದಳು: "ಇಲ್ಲಿ ನೋಡೋಕೆ ಏನೂ ಇಲ್ಲ. ಬನ್ನಿ, ಮುಂದೆ ಹೋಗೋಣ." ಬೀದಿ ಖಾಲಿಯಾಯಿತು. ನಾನು ಆ ತುದಿ ಈ ತುದಿ ನೋಡಿ, "ಲೊಕ್ ಅಣ್ಣಾ, ಯಾರೂ ಇಲ್ಲ, ಬಾ," ಎಂದೆ. ಅವಳ ಕೈಯಿಂದ ತಾವು ಮರುದಿನವೇ ಛತ್ರಿ ಕಿತ್ತುಕೊಂಡಿರೆಂದು ಕೇಳಿದೆ. ಸಂಸ್ಥೆಯ ದೃಷ್ಟಿಯಿಂದ ಬಹಳ ಸರಿ. ರಾಜನಗರಿಯ ನಡುವೆ ನಿಂತು ನೋಡಲು ಏನೂ ಇಲ್ಲ ಎನ್ನುವವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೊಸ ಛತ್ರಿ ನಾನೇ ಕೊಡಿಸಿದ್ದೇನೆ. ಮುಂದಿನ ವರ್ಷ ಅದೇ ಸಂಜೆ ಅವಳು ಅದೇ ತಿರುವಿನಲ್ಲಿ ನಿಂತಿರುತ್ತಾಳೆ. ತಾವೂ ಒಂದು ದಿನ ಈ ಬೀದಿಗೆ ಹಸಿದು ಬರುವವರೇ. ಆಗ ಮಾತ್ರ ಅವಳು ತಡೆಯುವುದಿಲ್ಲ, ತಮಗೂ ಒಂದು ಬಟ್ಟಲು ಇಟ್ಟಿರುತ್ತೇವೆ.