ಎಳ್ಳು-ಬೆಲ್ಲ ತಿಂದ ವಿಕೆಟ್‌ಕೀಪರ್

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಬ್ಬ ಹೊಸ ಅಳಿಯ. ಸ್ಟೋರ್ಸ್ ವಿಭಾಗದ ವಿಕೆಟ್‌ಕೀಪರ್ ಶ್ರೀಹರ್ಷನಿಗೆ ಎರಡು ತಿಂಗಳ ಹಿಂದೆ ಮದುವೆಯಾಗಿತ್ತು. ಮೊದಲ ಸಂಕ್ರಾಂತಿಗೆ ಅಳಿಯ ಬರದಿದ್ದರೆ ರಾಜಮಂಡ್ರಿಯ ಮಾವ ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಹೀಗಾಗಿ ಆತ ಮ್ಯಾಚಿನ ಹಿಂದಿನ ದಿನ ಕೂಕಟ್‌ಪಲ್ಲಿಯಲ್ಲಿ ಬಸ್ಸು ಹತ್ತಿ, ವಾಟ್ಸಾಪ್ ಗ್ರೂಪಿಗೆ ಕೈಮುಗಿದ ಚಿತ್ರವೊಂದನ್ನು ಹಾಕಿ, ಫೋನು ಬಂದ್ ಮಾಡಿಬಿಟ್ಟ.

ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಆ ಕಾರ್ಖಾನೆಯಲ್ಲಿ ಪ್ರತಿ ಸಂಕ್ರಾಂತಿಯಂದು ಸ್ಟೋರ್ಸ್ ಮತ್ತು ಇನ್‌ಸ್ಪೆಕ್ಷನ್ ವಿಭಾಗಗಳ ನಡುವೆ ಕ್ರಿಕೆಟ್ ನಡೆಯುತ್ತದೆ. ಹಬ್ಬಕ್ಕೆ ಊರಿಗೆ ಹೋಗುವವರೆಲ್ಲ ಹೋಗಿ, ಕ್ವಾರ್ಟರ್ಸಿನಲ್ಲಿ ಉಳಿದವರನ್ನು ಎಣಿಸಿದರೆ ಸ್ಟೋರ್ಸಿಗೆ ಸಿಕ್ಕಿದ್ದು ಹತ್ತೇ ಜನ. ಹನ್ನೊಂದನೆಯವರಾಗಿ ಗುರುಸಿದ್ದಪ್ಪನವರನ್ನು ಬಿಟ್ಟರೆ ಗತಿಯಿರಲಿಲ್ಲ.

ಗುರುಸಿದ್ದಪ್ಪ ಸಿಂದಗಿ ಕಡೆಯವರು, ಐವತ್ತೆರಡರ ಪ್ರಾಯ. ಹನ್ನೊಂದು ವರ್ಷದಿಂದ ಈ ಮ್ಯಾಚಿನ ಸ್ಕೋರು ಬರೆಯುವುದು ಅವರೇ, ಕೊನೆಗೆ ಟೀಮಿನ ಫೋಟೋ ತೆಗೆಯುವುದೂ ಅವರೇ. ಗೆದ್ದ ಟೀಮು ಜನರಲ್ ಮ್ಯಾನೇಜರ್ ಸಾಹೇಬರ ಜೊತೆ ನಿಂತ ಫೋಟೋವನ್ನು ಕ್ಯಾಂಟೀನಿನ ಗೋಡೆಗೆ ಹಾಕುವ ಪದ್ಧತಿ. ಅಲ್ಲಿ ಹನ್ನೊಂದು ಫೋಟೋಗಳಿವೆ. ಒಂದರಲ್ಲಿ ದಾರಿ ತಪ್ಪಿ ಬಂದ ನಾಯಿಯೂ ಇದೆ, ಗುರುಸಿದ್ದಪ್ಪ ಮಾತ್ರ ಯಾವುದರಲ್ಲೂ ಇಲ್ಲ. ಚಹಾ ಕುಡಿಯುವಾಗ ಅವರು ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಯಾರಿಗೂ ಹೇಳಿರಲಿಲ್ಲ, ಹೆಂಡತಿ ಸಾಬಮ್ಮನಿಗೆ ಮಾತ್ರ ಗೊತ್ತಿತ್ತು.

ಹಬ್ಬದ ದಿನ ಬೆಳಗ್ಗೆ ಏಳಕ್ಕೆಲ್ಲ ಕ್ಯಾಪ್ಟನ್ ಕಾಶಿನಾಥ ಗ್ಲೌಸು ಹಿಡಿದುಕೊಂಡು ಮನೆಗೇ ಬಂದ.

"ಗುರುಸಿದ್ದಪ್ಪನವರ, ಇವತ್ತ ಕೀಪರ್ ನೀವ. ಆದ್ರ ಒಂದು ಕಂಡೀಷನ್. ಚೆಂಡು ಹಿಡೀರಿ, ಬಿಡ್ರಿ, ಅದು ನಿಮ್ಮ ನಸೀಬ. ಬಾಯಿ ಮಾತ್ರ ಬಂದ್ ಮಾಡಂಗಿಲ್ಲ. ಆ ನರಹರಿ ಬ್ಯಾಟಿಂಗಿಗೆ ಬಂದ ಅಂದ್ರ ಹಿಂದ ನಿಂತು ಚುಚ್ಚಬೇಕು, ಕೆಣಕಬೇಕು, ಸಿಟ್ಟಿಗೆಬ್ಬಿಸಬೇಕು. ಸ್ಲೆಡ್ಜಿಂಗ್ ಅಂತಾರಿ ಅದಕ್ಕ. ದೊಡ್ಡ ದೊಡ್ಡ ಟೀಮಿನವ್ರು ಬಾಯಿಲೇನ ಅರ್ಧ ಮ್ಯಾಚ್ ಗೆಲ್ತಾರ."

"ಬೈಬೇಕೇನ್ರಿ?" ಎಂದರು ಗುರುಸಿದ್ದಪ್ಪ. "ನಾ ಯಾರಿಗೂ ಬೈದಾಂವ ಅಲ್ರಿ."

"ಬೈದ್ರ ಟೀಮಿನ್ಯಾಗ. ಸುಮ್ಮ ನಿಂತ್ರ ನಿಮ್ಮನ್ನ ತಗದು ಬಾಂಡ್ರಿಗೆ ನಿಂದ್ರಸೂದಲ್ಲ, ಸ್ಕೋರ್ ಬರಿಯಾಕ ಕಳಸ್ತೀನಿ. ಹತ್ತು ಮಂದೀಲೇ ಆಡ್ತೀವಿ."

ಕಾಶಿನಾಥನಿಗೆ ನರಹರಿಯ ಮೇಲೆ ಇದ್ದದ್ದು ಬರೀ ಕ್ರಿಕೆಟ್ಟಿನ ಸಿಟ್ಟಲ್ಲ. ನರಹರಿ ಇನ್‌ಸ್ಪೆಕ್ಷನ್ನಿನ ಹಿರಿಯ ತಪಾಸಣೆಗಾರ. ಇಪ್ಪತ್ತೆಂಟು ವರ್ಷದಲ್ಲಿ ಸ್ಟೋರ್ಸಿಗೆ ಬಂದ ಒಂದು ಬೋಲ್ಟನ್ನೂ ಮೊದಲ ಸಲಕ್ಕೆ ಪಾಸು ಮಾಡಿದ ಮನುಷ್ಯನಲ್ಲ. 'ಚೆನ್ನಾಗಿದೆ ಎಂದು ಬರೆದು ಕಳಿಸಿದ್ದಾರೆ ಅಂದರೆ ಎಲ್ಲೋ ದೋಷ ಮುಚ್ಚಿಟ್ಟಿದ್ದಾರೆ' ಎಂಬುದು ಅವರ ಸಿದ್ಧಾಂತ. ಅಂಥ ಪೆಟ್ಟಿಗೆಯನ್ನು ಎರಡೆರಡು ಸಲ ಬಿಚ್ಚಿಸುತ್ತಿದ್ದರು.

ಕಾಶಿನಾಥ ಹೋದಮೇಲೆ ಸಾಬಮ್ಮ ಒಳಗಿನಿಂದ ಸುತ್ತಿಗೆ ತಂದು, ದೇವರ ಫೋಟೋದ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದಳು.

"ಇದ್ಯಾಕ?"

"ನಿಮ್ಮ ಟೀಮಿನ ಫೋಟೋ ಹಾಕಾಕ. ಕ್ಯಾಂಟೀನಿಗೆ ಒಂದು, ನಮ್ಮ ಮನಿಗೊಂದು. ಗೆದ್ದು ಬರ್ರಿ."

ಮೊಳೆ ನೋಡಿ ಗುರುಸಿದ್ದಪ್ಪ ಗ್ಲೌಸು ಎತ್ತಿಕೊಂಡರು. ಇನ್ನು ಬೈಯದೆ ದಾರಿಯಿಲ್ಲ.

ಬೈಗುಳ ಕಲಿಸಲು ಪಕ್ಕದ ಕ್ವಾರ್ಟರ್ಸಿನ ಲಿಂಗಣ್ಣ ಕರೆಯದೆಯೇ ಬಂದರು. ನಿವೃತ್ತರು, ಎಲ್ಲರ ಮನೆಯ ವಿಷಯಕ್ಕೂ ಮೂಗು ತೂರಿಸುವವರು, ಮೇಲಾಗಿ ಆ ದಿನದ ಅಂಪೈರು. ಅಂಪೈರೇ ಬೈಗುಳದ ಮಾಸ್ತರನಾಗಬಹುದೇ ಎಂದು ನೀವು ಕೇಳಬಹುದು. ಆ ಕಾಲನಿಯಲ್ಲಿ ಅಂಥ ಪ್ರಶ್ನೆ ಕೇಳುವವರಿಲ್ಲ.

"ಬಾಯಿಂದ ಬರಬೇಕು ಗುರುಸಿದ್ದಪ್ಪ. ಹೇಳು, 'ನಿನ್ನ ಬ್ಯಾಟು ಬಟ್ಟಿ ಒಗಿಯೂ ಬಡಿಗಿ!'"

"ನಿಮ್ಮ ಬ್ಯಾಟು ಬಟ್ಟಿ ಒಗಿಯೂ ಬಡಿಗಿ ಐತ್ರಿ."

"'ರಿ' ಬಿಡೋ! ಬೈಗಳಕ್ಕ ಯಾರರೇ ರಿ ಹಚ್ಚತಾರೇನು? ಹೋಗ್ಲಿ, ಹೈದರಾಬಾದಿ ಬೈಗಳ ಬೈ. 'ಹೌಲೆ' ಅನ್ನು, ದಡ್ಡ ಅಂತ ಅರ್ಥ."

"ಹೌಲೆ... ಅವರ."

ಲಿಂಗಣ್ಣ ಹಣೆ ಬಡಿದುಕೊಂಡರು. ಕೊನೆಗೆ ನಾಲ್ಕು ಬೈಗುಳಗಳನ್ನು ಚೀಟಿಯಲ್ಲಿ ಬರೆದು ಎಡಗೈ ಗ್ಲೌಸಿನೊಳಗೆ ತುರುಕಿದರು. ಅಲ್ಲಿಂದ ನೇರ ಮೈದಾನಕ್ಕೆ ಹೋಗಿ ಈ ಸುದ್ದಿಯನ್ನು ಇನ್‌ಸ್ಪೆಕ್ಷನ್ನಿನವರಿಗೂ ಹೇಳಿದರು. ಹೊಟ್ಟೆಯಲ್ಲಿ ಮಾತು ಇಟ್ಟುಕೊಂಡರೆ ಅವರಿಗೆ ಅಜೀರ್ಣವಾಗುತ್ತದೆ.

ಸ್ಟೋರ್ಸ್ ಮೊದಲು ಆಡಿ ಹದಿನೈದು ಓವರಿನಲ್ಲಿ ತೊಂಬತ್ತೆರಡು ರನ್ ಮಾಡಿತು. ಅದರಲ್ಲಿ ಗುರುಸಿದ್ದಪ್ಪನವರ ಪಾಲು ಸೊನ್ನೆ, ಆದರೆ ಔಟಾಗಲಿಲ್ಲ ಎಂಬುದನ್ನು ಗಮನಿಸಬೇಕು. ಆಮೇಲೆ ಅವರು ಪ್ಯಾಡು ಕಟ್ಟಿಕೊಂಡು ವಿಕೆಟ್ಟಿನ ಹಿಂದೆ ಕೂತರು. ಆಕಾಶದ ತುಂಬ ಪಟಗಳು ಹಾರುತ್ತಿದ್ದವು. ಬೌಂಡರಿಯ ಆಚೆ ಶಾಮಿಯಾನದಡಿ ಸಾಬಮ್ಮ ಹೊಸ ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದಳು.

ಮೊದಲು ಬಂದವನು ಕೌಸ್ತುಭ, ಈಗಷ್ಟೇ ಕೆಲಸಕ್ಕೆ ಸೇರಿದ ಎಂಜಿನಿಯರು. ಗುರುಸಿದ್ದಪ್ಪ ಧೈರ್ಯ ಮಾಡಿ ಗ್ಲೌಸು ತೆಗೆದು ಚೀಟಿ ಬಿಚ್ಚಿದರು. ಬೆವರಿಗೆ ಶಾಯಿಯೆಲ್ಲ ಕಲಸಿಹೋಗಿ ಒಂದಕ್ಷರವೂ ಉಳಿದಿರಲಿಲ್ಲ. ನೆನಪಿದ್ದದ್ದನ್ನೇ ಹೇಳಿದರು.

"ನಿಮ್ಮ ಬ್ಯಾಟು ಬಡಿಗಿ ಐತ್ರಿ. ತಪ್ಪ ತಿಳ್ಕೋಬ್ಯಾಡ್ರಿ."

"ಛೇ ಛೇ, ಇಲ್ಲ ಅಂಕಲ್," ಎಂದ ಕೌಸ್ತುಭ, ಮುಂದಿನ ಚೆಂಡನ್ನು ಬೌಂಡರಿಗೆ ಬಾರಿಸಿದ. ಆಮೇಲೆ ನಗು ತಡೆಯಲಾರದೆ ತಾನಾಗಿಯೇ ರನೌಟಾದ. ಅದು ಬೇರೆ ಮಾತು.

ಈಗ ನರಹರಿ ಬಂದರು. ಗುರುಸಿದ್ದಪ್ಪನವರಿಗಿಂತ ಎರಡು ವರ್ಷಕ್ಕೆ ಹಿರಿಯರು, ರಾಯಚೂರಿನವರು, ಹುಬ್ಬು ಗಂಟಿಕ್ಕಿಕೊಂಡೇ ಹುಟ್ಟಿದಂಥ ಮುಖ. ಕ್ರೀಸಿಗೆ ಬಂದವರು ಗಾರ್ಡ್ ಕೇಳಲಿಲ್ಲ. ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು, ಜೇಬಿನಿಂದ ಸಣ್ಣ ಪೊಟ್ಟಣ ತೆಗೆದು, ವಿಕೆಟ್‌ಕೀಪರಿನ ಮುಂದೆ ಹಿಡಿದರು. ಬಿಳಿ ಬಿಳಿ ಕುಸುರೆಳ್ಳು.

"ಗುರುಸಿದ್ದಪ್ಪನವರ, ಸಂಕ್ರಾಂತಿ ಅದ. ಎಳ್ಳು-ಬೆಲ್ಲ ತಗೊಂಡು ಒಳ್ಳೆ ಮಾತಾಡ್ರಿ."

ಸ್ಲಿಪ್ಪಿನಲ್ಲಿದ್ದ ಕಾಶಿನಾಥ "ತಗೋಬ್ಯಾಡ್ರೀ!" ಎಂದು ಕೂಗಿದ. ಆದರೆ ಹಬ್ಬದ ದಿನ ಮುಂದೆ ಹಿಡಿದ ಎಳ್ಳನ್ನು ಬೇಡವೆನ್ನಲು ಸಿಂದಗಿ ಕಡೆಯ ಮನುಷ್ಯನಿಗೆ ಆಗುತ್ತದೆಯೇ? ಗುರುಸಿದ್ದಪ್ಪ ಗ್ಲೌಸು ಬಿಚ್ಚಿ, ಬಲಗೈ ಚಾಚಿ ಎಳ್ಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಹಿರಿಯರು ಕೊಟ್ಟಮೇಲೆ ಕಾಲು ಮುಟ್ಟಬೇಕಲ್ಲ, ಪ್ಯಾಡು ಕಟ್ಟಿಕೊಂಡೇ ಬಗ್ಗಿ ನಮಸ್ಕಾರ ಮಾಡಿದರು. ನರಹರಿ "ಒಳ್ಳೇದಾಗ್ಲಿ" ಎಂದು ಹರಸಿ ಗಾರ್ಡ್ ತೆಗೆದುಕೊಂಡರು. ಶಾಮಿಯಾನದಲ್ಲಿ ಚಪ್ಪಾಳೆ ಬಿತ್ತು.

ಮುಗಿಯಿತು. ಎಳ್ಳು ತಿಂದ ಬಾಯಲ್ಲಿ ಸಂಜೆಯವರೆಗೆ ಕೆಟ್ಟ ಮಾತು ಬರುವಂತಿಲ್ಲ. ನರಹರಿ ನಿಶ್ಚಿಂತೆಯಿಂದ ಬಾರಿಸತೊಡಗಿದರು. ಹತ್ತು ಓವರಿಗೆ ಎಪ್ಪತ್ತು, ಹದಿಮೂರಕ್ಕೆ ಎಂಬತ್ತೆಂಟು. ಕಾಶಿನಾಥ ಓಡಿ ಬಂದ.

"ಬಾಯಾಗ ಏನ್ ಬೆಣ್ಣಿ ಇಟ್ಕೊಂಡೀರೇನು? ಈಗ ಮಾತಾಡ್ತೀರೋ ಸ್ಕೋರ್ ಬರಿಯಾಕ ಹೊಂಡ್ತೀರೋ?"

ಗುರುಸಿದ್ದಪ್ಪ ಶಾಮಿಯಾನದ ಕಡೆ ನೋಡಿದರು. ಸಾಬಮ್ಮ ಕೈ ಬೀಸಿದಳು. ಗೋಡೆಯ ಮೇಲಿನ ಮೊಳೆ ಕಣ್ಣ ಮುಂದೆ ಬಂತು. ಮಾತಾಡಲೇಬೇಕು, ಕೆಟ್ಟದ್ದು ಆಡುವಂತಿಲ್ಲ. ಹಾಗಾದರೆ ಉಳಿದದ್ದು ಒಂದೇ. ಹನ್ನೊಂದು ವರ್ಷ ಮರದ ನೆರಳಲ್ಲಿ ಕೂತು ಸ್ಕೋರು ಬರೆಯುತ್ತ, ಮನಸ್ಸಿನಲ್ಲೇ ಅಂದುಕೊಂಡು ಯಾರಿಗೂ ಹೇಳದ ಮಾತು ಅದು.

"ನರಹರಿಯವರ, ಒಂದು ಹೇಳ್ಲೇನ್ರಿ? ಚೆಂಡು ಬರೂ ಮುಂದ ನಿಮ್ಮ ಎಡಗಾಲು ಏನು ಚಂದ ಮುಂದ ಬರ್ತೈತ್ರಿ! ಇಡೀ ಫ್ಯಾಕ್ಟರಿಯಾಗ ಅಂಥಾ ಕಾಲು ಯಾರದೂ ಇಲ್ರಿ."

ನರಹರಿ ತಿರುಗಿ ನೋಡಿದರು. "ಏನಾಗ್ಯದ ನನ್ನ ಎಡಗಾಲಿಗೆ?"

"ಏನೂ ಆಗಿಲ್ರಿ. ಭಾಳ ಚಂದ ಐತಿ ಅಂದೆ."

ಅಲ್ಲಿಗೆ ನರಹರಿಯವರ ನೆಮ್ಮದಿ ಹಾರಿಹೋಯಿತು. 'ಚಂದ ಐತಿ' ಅಂದರೆ ಎಲ್ಲೋ ದೋಷವಿದೆ. ಮುಂದಿನ ಚೆಂಡಿಗೆ ಬ್ಯಾಟು ಎತ್ತುವ ಬದಲು ಎಡಗಾಲು ನೋಡಿಕೊಂಡರು. ಅದರ ಮುಂದಿನದಕ್ಕೆ ಕಾಲನ್ನು ಒಂದಿಂಚು ಹಿಂದಿಟ್ಟು ನೋಡಿದರು. ರನ್ ಬರಲಿಲ್ಲ.

"ಅಯ್ಯ, ಹಂಗ ಬ್ಯಾಡ್ರಿ, ಮೊದ್ಲ ಹೆಂಗಿತ್ತೋ ಹಂಗ ಇಡ್ರಿ," ಎಂದು ಗುರುಸಿದ್ದಪ್ಪ ನಿಜವಾದ ಕಳಕಳಿಯಿಂದ ಹೇಳಿದರು. "ಎರಡು ವರ್ಷದ ಹಿಂದ ಐವತ್ತು ಹೊಡದ್ರಲ್ಲ, ಅವತ್ತ ಇಟ್ಟಿದ್ರಿ ನೋಡ್ರಿ, ಹಂಗ."

ನರಹರಿ ಎರಡು ವರ್ಷದ ಹಿಂದಿನ ಕಾಲನ್ನು ನೆನಪಿಸಿಕೊಳ್ಳುತ್ತ ಕ್ರೀಸು ಬಿಟ್ಟು ಮುಂದೆ ಬಂದರು. ಚೆಂಡು ಬ್ಯಾಟಿಗೂ ಸಿಗಲಿಲ್ಲ, ಗ್ಲೌಸಿಗೂ ಸಿಗಲಿಲ್ಲ. ನೇರ ಗುರುಸಿದ್ದಪ್ಪನವರ ಹೊಟ್ಟೆಗೆ ಬಡಿದು, ತಿರುಗಿ ಹೋಗಿ ವಿಕೆಟ್ಟಿಗೆ ತಾಗಿ ಬೇಲ್ಸ್ ಉದುರಿಸಿತು. ಸ್ಟಂಪ್! ನರಹರಿ ಇನ್ನೂ ಎಡಗಾಲನ್ನೇ ನೋಡುತ್ತಿದ್ದರು.

ವಿಷಯ ಗೊತ್ತಾದಾಗ ಅವರು ನೇರ ಅಂಪೈರ್ ಲಿಂಗಣ್ಣನ ಹತ್ತಿರ ಹೋದರು. "ಇದು ಅನ್ಯಾಯ. ಇವರು ನನ್ನ ಕಾಲು ಹೊಗಳಿದ್ರು!"

ಲಿಂಗಣ್ಣ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಬೈದಿದ್ರ ನಿಯಮ ಐತ್ರಿ. ಹೊಗಳಿದ್ರ ಏನೂ ಇಲ್ಲ. ನಡೀರಿ."

ಉಳಿದವರು ಬಂದ ಹಾಗೇ ಹೋದರು. ಸ್ಟೋರ್ಸ್ ಎರಡು ರನ್ನಿನಿಂದ ಗೆದ್ದಿತು. ಕಾಶಿನಾಥ ಗುರುಸಿದ್ದಪ್ಪನವರನ್ನು ಎತ್ತಿ ಕುಣಿದ. "ಏನ್ ಚುಚ್ಚಿದ್ರಿ ಸಾಹೇಬ್ರ! ಎಳ್ಳಾಗ ಸೂಜಿ ಇಟ್ಟು ಚುಚ್ಚಿದ್ರಿ!"

"ನಾ ಖರೇನ ಹೇಳಿದ್ನೋ ಮಾರಾಯ," ಎಂದರು ಗುರುಸಿದ್ದಪ್ಪ. ಯಾರೂ ಕೇಳಿಸಿಕೊಳ್ಳಲಿಲ್ಲ.

ಜನರಲ್ ಮ್ಯಾನೇಜರ್ ಸಾಹೇಬರು ಕಪ್ಪು ಕೊಟ್ಟರು. ಅವರಿಗೆ ಗಚ್ಚಿಬೌಲಿಯಲ್ಲಿ ಬೀಗರ ಮನೆಯ ಊಟವಿತ್ತು. "ಚಲೋ ಚಲೋ, ಜಲ್ದಿ, ಏಕ್ ಹೀ ಫೋಟೋ," ಎಂದು ಗಡಿಯಾರ ನೋಡಿದರು. ರೂಢಿಯಂತೆ ಯಾರೋ ಫೋನನ್ನು ಗುರುಸಿದ್ದಪ್ಪನವರ ಕೈಗೆ ಕೊಟ್ಟರು, ರೂಢಿಯಂತೆ ಅವರು ತೆಗೆದುಕೊಂಡೂಬಿಟ್ಟರು. "ಏ, ಇವತ್ತ ಅವ್ರಲ್ಲ!" ಎಂದು ಕಾಶಿನಾಥ ಗದರಿದ. ಹಾಗಾದರೆ ಯಾರು?

"ಕೊಡ್ರಿ, ನಾ ತೆಗೀತೀನಿ," ಎಂದು ನರಹರಿ ಮುಂದೆ ಬಂದರು. "ಸೋತೀವಿ ಖರೆ, ಆದ್ರ ಹಬ್ಬ ಅದ."

ಗುರುಸಿದ್ದಪ್ಪನವರ ಎದೆ ತುಂಬಿ ಬಂತು. ಸಾಲಿನ ಬಲತುದಿಯಲ್ಲಿ ಜಾಗ ಸಿಕ್ಕಿತು. ಹೊಟ್ಟೆ ಒಳಗೆಳೆದು, ಬಲಗೈ ಗ್ಲೌಸನ್ನು ಎದ್ದು ಕಾಣುವಂತೆ ಎದೆಯ ಮುಂದೆ ಹಿಡಿದು, ಹನ್ನೊಂದು ವರ್ಷ ಕಾದಿಟ್ಟ ನಗು ನಕ್ಕರು. ಇಷ್ಟು ದೊಡ್ಡ ಮನಸ್ಸಿನ ಮನುಷ್ಯನಿಗೆ ಒಂದು ಒಳ್ಳೆಯ ಮಾತು ಹೇಳದಿದ್ದರೆ ಹೇಗೆ?

"ನರಹರಿಯವರ, ನಿಮ್ಮ ಕೈ ಭಾಳ ಗಟ್ಟಿ ಐತ್ರಿ. ಫೋಟೋ ಚಂದ ಬರ್ತೈತಿ ಬಿಡ್ರಿ."

ನರಹರಿ ಒಮ್ಮೆ ತಮ್ಮ ಕೈ ನೋಡಿಕೊಂಡರು. ಫೋನು ಕ್ಲಿಕ್ ಎಂದಿತು. ಸಾಹೇಬರ ಕಾರು ಹೊರಟುಹೋಯಿತು.

ಸಂಜೆ ಫೋಟೋ ಗ್ರೂಪಿಗೆ ಬಂತು. ಸಾಬಮ್ಮ ಕನ್ನಡಕ ಹಾಕಿಕೊಂಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಹುಡುಕಿದಳು. ಸಾಹೇಬರು ಇದ್ದರು, ಕಪ್ಪು ಇತ್ತು, ಎಡಗಡೆ ಖಾಲಿ ಮೈದಾನ ಬೇಕಾದಷ್ಟಿತ್ತು. ಹತ್ತು ಜನ ನಗುತ್ತಿದ್ದರು. ಬಲತುದಿಯಲ್ಲಿ, ಫೋಟೋ ಮುಗಿಯುವಲ್ಲಿ, ಒಂದು ಗ್ಲೌಸು.

"ಇದ್ಯಾರ ಕೈರಿ?"

"ನಂದ," ಎಂದರು ಗುರುಸಿದ್ದಪ್ಪ. ಅವರಿಗೆ ಬಹಳ ದುಃಖವಾಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ನರಹರಿ. ಒಳಗೆ ಬಂದು ಕೂತರು, ಕೆಮ್ಮಿದರು. "ತಪ್ಪಾತು ಗುರುಸಿದ್ದಪ್ಪನವರ. ನೀವು ಕೈ ಗಟ್ಟಿ ಅಂದ್ರಿ. ಏನೋ ಮಸಲತ್ತು ಅದ ಅಂತ ಕೈ ನೋಡ್ಕೊಂಡೆ, ಫೋನು ವಾಲಿತು." ಮತ್ತೆ ಕೆಮ್ಮಿದರು. "ಒಂದು ಕೇಳ್ಲೇನು? ಆ ಎಡಗಾಲಿನ ಮಾತು... ಖರೇನ?"

"ಖರೇರಿ. ಹನ್ನೊಂದು ವರ್ಷ ನೋಡೀನಿ. ಅದಕ್ಕ ಎರಡು ಮಾತಿಲ್ಲ."

ನರಹರಿ ತಮ್ಮ ಎಡಗಾಲನ್ನು ಒಮ್ಮೆ ಮುಂದಿಟ್ಟು ನೋಡಿಕೊಂಡರು. ಗಂಟಿಕ್ಕಿದ ಹುಬ್ಬು ಮೆಲ್ಲಗೆ ಸಡಿಲಾಯಿತು. "ಇಷ್ಟು ವರ್ಷದಾಗ ಯಾರೂ ಹೇಳಿರಲಿಲ್ಲ," ಎಂದರು. ಸಾಬಮ್ಮ ಇಟ್ಟ ಶೇಂಗಾ ಹೋಳಿಗೆಯನ್ನು ತಿರುಗಿಸಿ, ಅಂಚು ನೋಡಿ, ಮುರಿದು ತಿಂದು, "ಹೋಳಿಗಿ... ಪಾಸ್," ಎಂದರು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲಕ್ಕೇ ಪಾಸಾದ ಮೊದಲ ವಸ್ತು ಅದು.

"ಯಾಕ್ರಿ, ಏನರೇ ಕಡಿಮಿ ಬಿದ್ದೈತೇನು?" ಎಂದು ಸಾಬಮ್ಮ ಗಾಬರಿಯಿಂದ ಕೇಳಿದಳು.

ಅವರು ಹೋದಮೇಲೆ ಕಾಶಿನಾಥನ ಸಂದೇಶ ಬಂತು. ಮುಂದಿನ ವರ್ಷ ಶ್ರೀಹರ್ಷ ಇರುತ್ತಾನಂತೆ. ಹೊಗಳುವುದಕ್ಕೆ ಗ್ಲೌಸು ಯಾಕೆ, ಗುರುಸಿದ್ದಪ್ಪನವರು ಸ್ಕೋರು ಬರೆಯುತ್ತ ಅಲ್ಲಿಂದಲೇ ಗಟ್ಟಿಯಾಗಿ ಹೊಗಳಿದರೆ ಸಾಕಂತೆ.

ಗುರುಸಿದ್ದಪ್ಪ ಎದ್ದು ಮೊಳೆ ಕೀಳಲು ಹೋದರು. ಸಾಬಮ್ಮ ಕೈ ಹಿಡಿದಳು.

"ಇರ್ಲಿ ಬಿಡ್ರಿ, ನಾಳೆ ಪ್ರಿಂಟ್ ಹಾಕಿಸ್ಕೊಂಡು ಬರ್ರಿ, ಇಲ್ಲೇ ಹಾಕೂಣು. ಹನ್ನೊಂದು ವರ್ಷದಾಗ ಏನೂ ಬಂದಿರಲಿಲ್ಲ, ಈ ವರ್ಷ ಒಂದು ಕೈ ಬಂದೈತಿ. ರಿಟೈರ್ ಆಗಾಕ ಇನ್ನೂ ಎಂಟು ವರ್ಷ ಐತಲ್ಲ. ವರ್ಷಕ್ಕೊಂದಿಷ್ಟು ಬಂದ್ರ, ಅಷ್ಟರಾಗ ಪೂರ್ತಿ ಮನಶ್ಯಾ ಬರ್ತೀರಿ!"